ನಚಿಕೇತನ ಮೊದಲನೆಯ ವರ

ಕಠೋಪನಿಷತ್ತನ್ನು ಕುರಿತು ಬರೆಯುವವರೂ ಉಪನ್ಯಾಸ ಮಾಡುವವರೂ ಬಹುಮಟ್ಟಿಗೆ ಮೂರನೆಯ ವರಕ್ಕೆ ನೇರವಾಗಿ ಹೋಗಿಬಿಡುವರು. ಮರಣಾನಂತರ ಆತ್ಮನಿರುವನೋ ಇಲ್ಲವೋ ಎಂಬ ಆ ಪ್ರಶ್ನೆಯ ಗಾಂಭೀರ್ಯವನ್ನು ಅಲ್ಲಗಳೆಯುವವರಾರು? ಆದರೆ ಕಾವ್ಯದೃಷ್ಟಿಯಿಂದ ನೋಡುವವನಿಗೆ ಮೊದಲನೆಯ ವರವೂ ಅಷ್ಟೇ ವಿಚಾರಾರ್ಹವಾದುದು.

ಈ ಕಥೆಯು ತೈತ್ತಿರೀಯ ಬ್ರಾಹ್ಮಣದಲ್ಲಿಯೂ ಉಂಟು. ಅಲ್ಲಿ ಬಾಲಕನು ಮೊದಲು ಬೇಡುವುದು, ತಾನು ಜೀವಸಹಿತನಾಗಿ ತಂದೆಯ ಬಳಿಗೆ ಮರಳಬೇಕೆಂದು. ಕಡೆಯಲ್ಲಿ ಪುನರ್ಮೃತ್ಯುವನ್ನು ಗೆಲ್ಲುವ ಬಗೆಯನ್ನು ಕೇಳಿದಾಗ ಯಮನು ಮತ್ತೆ ಅಗ್ನಿಯನ್ನೇ ಉಪದೇಶಿಸುವನು. ಉಪನಿಷತ್ಕಾರನು ಈ ಎರಡನ್ನೂ ಮಾರ್ಪಡಿಸಿರುವನು. ಕಡೆಯ ವರಕ್ಕೆ ಕರ್ಮದ ಬದಲು ಆತ್ಮಜ್ಞಾನವೇ ಉತ್ತರವಾಯಿತು. ಮೊದಲನೆಯದರಲ್ಲಿ ತನ್ನ ಪ್ರಾಣದ ಚಿಂತೆಯು ಹಿಂದಾಗಿ, ತಂದೆಯ ಕೋಪವಡಗಿ ಆತನ ಮನಸ್ಸು ಶಾಂತವಾಗಲೆಂಬ ಬೇಡಿಕೆಯು ಮುಂದಾಯಿತು.

ಈ ಎರಡು ಮಾರ್ಪಾಡುಗಳಿಗೂ ಸಂಬಂಧವುಂಟೆಂದು ನನ್ನ ಮತ. ಸಿಟ್ಟಿನಲ್ಲಿ ತನ್ನನ್ನು ಮೃತ್ಯುವಿಗೆ ಕೊಟ್ಟ ತಂದೆಯ ಮೇಲೆ ಮುನಿಸನ್ನಿಟ್ಟುಕೊಂಡಿದ್ದರೆ, ಯಮನು ಮುಂದೊಡ್ಡಿದ ಆನೆ, ಕುದುರೆ, ಹೊನ್ನು, ದೀರ್ಘಾಯುಸ್ಸುಗಳನ್ನು ಆ ಬಾಲಕನು ತೊರೆದರೂ ಅದು ಹಟವಾಗುತ್ತಿತ್ತೇ ಹೊರತು ವೈರಾಗ್ಯವಾಗುತ್ತಿರಲಿಲ್ಲ.

ಬಹುಕಾಲ ನಾನು ಈ ಗ್ರಂಥವನ್ನು ವಿದ್ಯಾರ್ಥಿಗಳಿಗೆ ಬಾಯಿಪಾಠ ಮಾಡಿಸಿ, ಮೊದಲ ವರವನ್ನು ಪೀಠಿಕೆಯೆಂದು ಬೇಗನೆ ದಾಟಿಸಿದವನು. ತಂದೆಯವರೊಡನೆ ಮಾತು ಬಿಟ್ಟಿದ್ದ ವರ್ಷಗಳಲ್ಲಿಯೂ ಮೂರನೆಯ ವರವನ್ನು ತಪ್ಪಿಲ್ಲದೆ ಒಪ್ಪಿಸುತ್ತಿದ್ದೆನು. ಅವರು ತೀರಿಕೊಂಡ ಬಳಿಕವೇ ಮೊದಲನೆಯದರ ಅರ್ಥವು ಮನಸ್ಸಿಗೆ ತಟ್ಟಿತು. ನಿತ್ಯವನ್ನರಸುವವನು ಮೊದಲು ಮನೆಯ ಕಲಹವನ್ನು ತೀರಿಸಿಕೊಳ್ಳಬೇಕೆಂಬುದನ್ನು ಋಷಿಯು ಕಥೆಯ ಕ್ರಮದಲ್ಲಿಯೇ ಇರಿಸಿರುವನು. ಮುಂದೆ ವ್ಯಾಖ್ಯಾನ ಬರೆಯುವವರು ಈ ವರವನ್ನು ದಾಟಿಹೋಗದಿರಲೆಂದು ನನ್ನ ಪ್ರಾರ್ಥನೆ.