ಖಾಲಿ ಕಲ್ಲಿನ ಒಕ್ಕಲು

ಹವಳ ಸಾಕುವ ಹೊಸ ರೀಫ್ ಟ್ಯಾಂಕಿನ ಎರಡನೇ ತಿಂಗಳ ಫೋಟೋವನ್ನು ಯಾರೂ ಹಂಚಿಕೊಳ್ಳುವುದಿಲ್ಲ. ನೀರು ತುಂಬಿಸಿದ ದಿನದ ಬಿಳಿ ಮರಳು, ನೀಲಿ ಬೆಳಕು ಎಲ್ಲರ ಫೋನಿನಲ್ಲೂ ಇರುತ್ತದೆ. ಎರಡು ವರ್ಷದ ಮೇಲೆ ಅಕ್ರೊಪೊರಾ ಹವಳ ಕವಲೊಡೆದ ಚಿತ್ರವೂ ಇರುತ್ತದೆ. ನಡುವೆ ಗಾಜಿಗೆ ಕಂದು ಪುಡಿ, ಮರಳಿಗೆ ಕೆಂಪು ಲೋಳೆ, ಕಲ್ಲಿಗೆ ಹಸಿರು ಜಡೆ ಹತ್ತಿದ್ದ ಕಾಲವೊಂದು ಇತ್ತೆಂದು ಯಾರೂ ಬಾಯಿಬಿಡುವುದಿಲ್ಲ. ಹವ್ಯಾಸಿಗಳು ಅದನ್ನು ‘ಅಗ್ಲಿ ಸ್ಟೇಜ್’ ಎನ್ನುತ್ತಾರೆ. ಟ್ಯಾಂಕು ಮಾರಿಬಿಟ್ಟವರನ್ನು ವಿಚಾರಿಸಿ ನೋಡಿ, ಕೈಚೆಲ್ಲಿದ್ದು ಬಹುಪಾಲು ಈ ಹೊತ್ತಿನಲ್ಲೇ.

ನಮ್ಮಲ್ಲಿ ಈ ಹಂತ ಹೆಚ್ಚು ಎಳೆಯುವುದಕ್ಕೆ ಕಾರಣವಿದೆ. ಜಕಾರ್ತಾದ ಲೀ ಚಿನ್ ಎಂಗ್ 1961ರಲ್ಲೇ ಬರೆದು ತೋರಿಸಿದಂತೆ, ಕಡಲಿನ ಜೀವಂತ ಕಲ್ಲನ್ನು ತಂದಿಟ್ಟು ಗಾಳಿಗುಳ್ಳೆ ಬಿಟ್ಟರೆ ಟ್ಯಾಂಕು ತನ್ನನ್ನು ತಾನೇ ನೋಡಿಕೊಳ್ಳುತ್ತಿತ್ತು. ಆ ಕಲ್ಲಿನ ರಂಧ್ರಗಳಲ್ಲಿ ಬ್ಯಾಕ್ಟೀರಿಯಾ, ಹುಳು, ಸ್ಪಂಜು, ನೂರು ಬಗೆಯ ಬಾಡಿಗೆದಾರರು. ಭಾರತದಲ್ಲಿ ಗಟ್ಟಿ ಹವಳಗಳೆಲ್ಲ 2001ರಿಂದ ವನ್ಯಜೀವಿ ಕಾಯ್ದೆಯ ಒಂದನೇ ಅನುಸೂಚಿಯಲ್ಲಿವೆ. ಮುರುಡೇಶ್ವರದಿಂದ ದೋಣಿ ಹತ್ತಿ ನೇತ್ರಾಣಿಯಲ್ಲಿ ಮುಳುಗಿ ಕಣ್ತುಂಬ ನೋಡಬಹುದು. ಸತ್ತ ಹವಳದ ಚೂರನ್ನೂ ಜೇಬಿಗಿಳಿಸುವಂತಿಲ್ಲ. ಕಾಯ್ದೆ ಸರಿಯಾಗಿಯೇ ಇದೆ, ಅದರ ಬಗ್ಗೆ ನನ್ನದೇನೂ ತಕರಾರಿಲ್ಲ. ಹಾಗಾಗಿ ನಾವು ಶುರುಮಾಡುವುದು ಒಣಕಲ್ಲಿನಿಂದ. ಬಾಟಲಿಯ ಬ್ಯಾಕ್ಟೀರಿಯಾ ಅಮೋನಿಯವನ್ನು ನೈಟ್ರೇಟ್ ಮಾಡಿಕೊಡುತ್ತದೆ, ಆದರೆ ಕಲ್ಲಿನ ಮೈ ಖಾಲಿಯೇ. ಖಾಲಿ ನೆಲಕ್ಕೆ ಯಾರಾದರೂ ಒಕ್ಕಲು ಬಂದೇ ಬರುತ್ತಾರೆ.

ಮೊದಲು ಬರುವುದು ಡಯಾಟಮ್, ಗಾಜಿನ ಮೇಲಿನ ಆ ಕಂದು ಪುಡಿ. ಇದರ ಕೋಶಕ್ಕೆ ಸಿಲಿಕಾದ ಕವಚ, ನೀರಿನಲ್ಲಿ ಸಿಲಿಕೇಟ್ ಇರುವವರೆಗೆ ಇದರ ಆಟ. ಬೆಂಗಳೂರಿನ ಬೋರ್‌ವೆಲ್ ನೀರು ಗ್ರಾನೈಟ್ ಮತ್ತು ನೈಸ್ ಬಂಡೆಗಳ ಬಿರುಕಿನಿಂದ ಬರುವಂಥದ್ದು, ಸಿಲಿಕಾಕ್ಕೆ ಅಲ್ಲಿ ಬರವಿಲ್ಲ. ಅಡುಗೆಮನೆಯ ಆರ್‌ಓ ಸಾಕು ಎನ್ನುವವರ ಮಾತು ಕೇಳಬೇಡಿ. ಅಂಥ ಎಷ್ಟೋ ಯಂತ್ರಗಳು ರುಚಿಗೆಂದು ಖನಿಜವನ್ನು ಮತ್ತೆ ಬೆರೆಸುತ್ತವೆ. ಆರ್‌ಓ ಆದಮೇಲೆ ಅಯಾನುಗಳನ್ನು ಹಿಡಿದಿಡುವ ಡಿಐ ರೆಸಿನ್ ಬೇಕೇ ಬೇಕು. ಆ ರೆಸಿನ್ ಸವೆಯತೊಡಗಿದಾಗ ಮೊಟ್ಟಮೊದಲು ನುಸುಳುವುದೂ ಸಿಲಿಕಾವೇ. ಟಿಡಿಎಸ್ ಮೀಟರು ಅಳೆಯುವುದು ನೀರಿನ ವಿದ್ಯುತ್ ವಾಹಕತೆಯನ್ನು, ಸಿಲಿಕಾ ಅದರ ಕಣ್ಣಿಗೆ ಬೀಳುವುದೇ ಕಷ್ಟ. ಮೀಟರು ಸೊನ್ನೆ ತೋರಿಸುತ್ತಲೇ ಇರುತ್ತದೆ, ಗಾಜು ಕಂದಾಗುತ್ತಲೇ ಇರುತ್ತದೆ. ನೀರು ಸರಿಯಿದ್ದರೆ ಡಯಾಟಮ್ ಕೆಲವೇ ವಾರಗಳಲ್ಲಿ ತಾನಾಗಿ ಹೋಗುತ್ತದೆ.

ಕೆಂಪು ಲೋಳೆ ಪಾಚಿಯೇ ಅಲ್ಲ, ಸಯನೋಬ್ಯಾಕ್ಟೀರಿಯಾ. ಹರಿವು ಸಾಲದ ಮೂಲೆಯಲ್ಲಿ ಹಾಸುತ್ತದೆ. ಪೈಪಿನಿಂದ ಹೀರಿ ತೆಗೆಯಿರಿ, ಪಂಪನ್ನು ಆ ಕಡೆ ತಿರುಗಿಸಿ. ಆ್ಯಂಟಿಬಯೋಟಿಕ್ ಸುರಿಯುವ ಅವಸರ ಬೇಡ.

ಹಸಿರು ಕೂದಲಿನದು ದೊಡ್ಡ ಕತೆ. ‘ಕಿಟ್‌ನಲ್ಲಿ ಫಾಸ್ಫೇಟ್ ಸೊನ್ನೆ ಇದೆ, ಮತ್ತೆ ಪಾಚಿ ಹೇಗೆ?’ ಎಂದು ಕೇಳುತ್ತಾರೆ. ಪಾಚಿ ಉಂಡು ಉಳಿಸಿದ್ದನ್ನಷ್ಟೇ ಕಿಟ್ ಅಳೆಯುವುದು. ಮೇಲಾಗಿ ಒಣಕಲ್ಲು ಎಂದರೆ ಸುಣ್ಣ, ಫಾಸ್ಫೇಟನ್ನು ಹಿಡಿದಿಟ್ಟುಕೊಂಡು ತಿಂಗಳುಗಟ್ಟಲೆ ಒಸರುತ್ತದೆ. ಕೈಯಲ್ಲಿ ಕಿತ್ತು ಹೊರಹಾಕುವುದಕ್ಕಿಂತ ಒಳ್ಳೆಯ ಉಪಾಯವಿಲ್ಲ, ಕಿತ್ತ ಪಾಚಿಯ ಜೊತೆ ಅದು ಹೀರಿದ ಫಾಸ್ಫೇಟೂ ಹೋಗುತ್ತದೆ.

ಆಮೇಲೆ ಮೇಯುವವರು ಬೇಕು. ಅವರಿಲ್ಲದಿದ್ದರೆ ಏನಾಗುತ್ತದೆಂಬುದಕ್ಕೆ ಜಮೈಕಾ ಸಾಕ್ಷಿ. ಪಾಚಿ ತಿನ್ನುವ ಮೀನುಗಳನ್ನು ಅಲ್ಲಿ ಬಲೆ ಮೊದಲೇ ಬರಿದುಮಾಡಿತ್ತು. 1980ರಲ್ಲಿ ಅಲೆನ್ ಚಂಡಮಾರುತ ಹವಳವನ್ನು ಮುರಿದು ಹಾಕಿತು. ಆಗಲೂ ಬಂಡೆಯನ್ನು ಕೆರೆದು ಚೊಕ್ಕಟವಾಗಿಟ್ಟದ್ದು ಡಯಾಡೆಮಾ ಎಂಬ ಕಪ್ಪು ಮುಳ್ಳಿನ ಸೀ ಅರ್ಚಿನ್. 1983ರಲ್ಲಿ ಪನಾಮಾ ಕಡೆಯಿಂದ ಹಬ್ಬಿದ ರೋಗಕ್ಕೆ ಕೆರಿಬಿಯನ್ ಕಡಲಿನಲ್ಲಿ ಶೇ 90ಕ್ಕೂ ಹೆಚ್ಚು ಡಯಾಡೆಮಾಗಳು ಸತ್ತವು. 1994ರಲ್ಲಿ ಹವಳ ವಿಜ್ಞಾನಿ ಟೆರಿ ಹ್ಯೂಸ್ ಪ್ರಕಟಿಸಿದ ಲೆಕ್ಕದಂತೆ, ಜಮೈಕಾದಲ್ಲಿ 1977ರಲ್ಲಿ ಶೇ 52ರಷ್ಟಿದ್ದ ಹವಳದ ಹೊದಿಕೆ ತೊಂಬತ್ತರ ದಶಕದ ಆರಂಭಕ್ಕೆ ಶೇ 3ಕ್ಕೆ ಕುಸಿದಿತ್ತು. ಪಾಚಿ ಶೇ 4ರಿಂದ ಶೇ 92ಕ್ಕೆ ಏರಿತ್ತು. ನೀರಿನ ರಸಾಯನವನ್ನಷ್ಟೇ ಹಿಡಿದು ಕೂರುವವರು ಈ ಅಂಕಿಗಳನ್ನೊಮ್ಮೆ ನೋಡಬೇಕು.

ಟ್ಯಾಂಕಿಗೆ ನನ್ನ ಆಯ್ಕೆ ಟ್ರೋಕಸ್ ಬಸವನಹುಳು. ಮಗುಚಿ ಬಿದ್ದರೆ ತಾನೇ ಎದ್ದುಕೊಳ್ಳುತ್ತದೆ. ಅಸ್ಟ್ರೇಯಾ ಬಿದ್ದರೆ ಬಿದ್ದಲ್ಲೇ ಸಾಯುವುದುಂಟು. ಅಂಗಡಿಯವರು ನಸ್ಸೇರಿಯಸ್ ಅನ್ನೂ ‘ಕ್ಲೀನಪ್ ಕ್ರೂ’ ಎಂದು ಸೇರಿಸಿ ಕೊಡುತ್ತಾರೆ. ಅದು ಸತ್ತ ಮಾಂಸ ತಿನ್ನುವ ಜೀವಿ, ಪಾಚಿಯ ಗೊಡವೆ ಅದಕ್ಕಿಲ್ಲ.

ಇಷ್ಟು ಹೊತ್ತು ಹೇಳಿದ್ದೆಲ್ಲ ಸಹಿಸಬಹುದಾದ ಕಾಟ. ನಿಜವಾದ ಕಂಟಕ ನಮ್ಮ ಶುಚಿಯ ಹುಚ್ಚಿನಿಂದ ಬರುತ್ತದೆ. ಪಾಚಿಗೆ ಹೆದರಿ ಮೀನಿಗೆ ಅರೆಹೊಟ್ಟೆ, ವಾರಕ್ಕೆರಡು ಬಾರಿ ನೀರು ಬದಲು, ಫಾಸ್ಫೇಟ್ ಹೀರುವ ಜಿಎಫ್ಓ ಕಣಗಳು. ನೈಟ್ರೇಟ್, ಫಾಸ್ಫೇಟ್ ಎರಡೂ ಸೊನ್ನೆ. ಉಳಿದ ಒಕ್ಕಲೆಲ್ಲ ಹಸಿವಿನಿಂದ ಗುಳೆ ಹೋದ ಮೇಲೆ ಡೈನೋಫ್ಲಾಜೆಲೇಟ್‌ಗಳು ಊರನ್ನು ಹಿಡಿಯುತ್ತವೆ: ಗುಳ್ಳೆ ಸಿಕ್ಕಿಕೊಂಡ ಕಂದು ಸಿಂಬಳದ ಎಳೆಗಳು, ಹಗಲು ಏರಿ ರಾತ್ರಿ ಕರಗುವಂಥವು. ಬಸವನಹುಳುಗಳು ಸಾಯತೊಡಗಿದರೆ ಅನುಮಾನವೇ ಬೇಡ. ಕೈಗವಸು ಹಾಕಿಕೊಳ್ಳಿ, ಕೆಲವು ಜಾತಿ ವಿಷದವು.

ಯಾವುದೆಂದು ತಿಳಿಯದೆ ಮದ್ದು ಮಾಡಬೇಡಿ. ಮಕ್ಕಳ ಮೈಕ್ರೊಸ್ಕೋಪ್ ಸಾಕು. ಚೂಪು ತುದಿಯನ್ನು ಒಂದೆಡೆ ಊರಿ ಅಲ್ಲೇ ಗಿರಗಿರನೆ ಸುತ್ತುವುದು ಆಸ್ಟ್ರಿಯಾಪ್ಸಿಸ್. ಅದು ರಾತ್ರಿ ನೀರಿಗೆ ತೇಲಿ ಬರುವುದರಿಂದ ಯುವಿ ದೀಪಕ್ಕೆ ಸಿಗುತ್ತದೆ. ಮರಳು ಬಿಟ್ಟು ಕದಲದ ಆಂಫಿಡಿನಿಯಂಗೆ ಯುವಿಯಿಂದ ಹೆಚ್ಚೇನೂ ಆಗದು. ಎರಡಕ್ಕೂ ಮೊದಲ ಚಿಕಿತ್ಸೆ ಒಂದೇ: ನೀರು ಬದಲಿಸುವುದನ್ನು ನಿಲ್ಲಿಸಿ, ಮೀನಿಗೆ ಹೊಟ್ಟೆತುಂಬ ಹಾಕಿ, ನೈಟ್ರೇಟ್ 5ರಿಂದ 10 ಪಿಪಿಎಂ, ಫಾಸ್ಫೇಟ್ 0.1 ಪಿಪಿಎಂ ಆಸುಪಾಸಿಗೆ ಏರಿಸಿ. ಆಂಫಿಡಿನಿಯಂ ಜಗ್ಗದಿದ್ದರೆ ಅನುಭವಸ್ಥರು ಸೋಡಿಯಂ ಸಿಲಿಕೇಟನ್ನು ಹನಿಹನಿಯಾಗಿ ಬಿಡುತ್ತಾರೆ. ಹೌದು, ದುಡ್ಡು ಸುರಿದು ಡಿಐ ರೆಸಿನ್‌ನಿಂದ ತೆಗೆದ ಅದೇ ಸಿಲಿಕಾ! ಡಯಾಟಮ್ ಬೇಕೆಂದೇ ಬೆಳೆಸಿ, ಡೈನೋ ಕೂತ ಜಾಗವನ್ನು ಕಿತ್ತುಕೊಳ್ಳುವ ತಂತ್ರ.

ಒಂದು ವರ್ಷದ ಹೊತ್ತಿಗೆ ಕಲ್ಲಿನ ಮೇಲೆ ಕೋರಲೈನ್ ನೇರಳೆ ಚುಕ್ಕಿ ಹರಡುತ್ತದೆ. ಅದೂ ಪಾಚಿಯೇ, ಎಲ್ಲರೂ ಬಯಸುವ ಪಾಚಿ. ಕಲ್ಲನ್ನು ಬಿಟ್ಟು ಗಾಜಿಗೂ ಹತ್ತುತ್ತದೆ, ಒಮ್ಮೆ ಸುಣ್ಣಗಟ್ಟಿದ ಮೇಲೆ ಮ್ಯಾಗ್ನೆಟ್ಟಿನಿಂದ ಉಜ್ಜಿದರೂ ಜಪ್ಪಯ್ಯ ಅನ್ನುವುದಿಲ್ಲ. ಉಕ್ಕಿನ ಬ್ಲೇಡ್ ತಂದಿಟ್ಟುಕೊಳ್ಳಿ. ಅಕ್ರಿಲಿಕ್ ಟ್ಯಾಂಕಾದರೆ ಪ್ಲಾಸ್ಟಿಕ್ಕಿನದು.