ಮೂರು ನಿಮಿಷದ ಹಸ್ತಪ್ರತಿ

ಹಳೆಯ ಗ್ರಾಮಫೋನ್ ತಟ್ಟೆಗಳ ಬಗ್ಗೆ ಬರುವ ಬರಹಗಳು ಹೆಚ್ಚಾಗಿ ಎರಡು ಬಗೆಯವು. ಒಂದರಲ್ಲಿ ಅಜ್ಜನ ಮನೆಯ ಪಡಸಾಲೆ, ಹಿತ್ತಾಳೆಯ ಕಹಳೆ, ಕೀಲಿ ತಿರುಗಿಸುವ ಮಗು ಇರುತ್ತವೆ, ಸಂಗೀತ ಇರುವುದಿಲ್ಲ. ಇನ್ನೊಂದರಲ್ಲಿ ತಟ್ಟೆಯ ಸಂಖ್ಯೆ, ಲೇಬಲ್ಲಿನ ಬಣ್ಣ, ಕೊಟ್ಟ ಬೆಲೆ ಇರುತ್ತವೆ. ಅಲ್ಲಿಯೂ ಸಂಗೀತ ಇರುವುದಿಲ್ಲ. ಮೊದಲನೆಯದು ತಟ್ಟೆಯನ್ನು ನೆನಪಿನ ಸಾಮಾನು ಮಾಡುತ್ತದೆ, ಎರಡನೆಯದು ಬೀರುವಿನ ಸಾಮಾನು. ತಟ್ಟೆ ಒಂದು ಕೃತಿ, ಅದನ್ನು ಓದಬೇಕು, ಓದುವಾಗ ತಪ್ಪಬಹುದು, ಹಾಗಾಗಿ ಅದಕ್ಕೆ ವಿಮರ್ಶೆ ಬೇಕು ಎನ್ನುವ ಮಾತು ಎರಡರಲ್ಲೂ ಕಾಣುವುದಿಲ್ಲ.

ನನ್ನ ವಾದ ಇಷ್ಟೇ: ಮನೆಯಲ್ಲಿ 78 ಸುತ್ತಿನ ತಟ್ಟೆಯನ್ನು ನುಡಿಸುವುದು ಗ್ರಂಥಸಂಪಾದನೆಗೆ ಹತ್ತಿರದ ಕೆಲಸ. ಡಿ.ಎಲ್. ನರಸಿಂಹಾಚಾರ್ಯರ 'ಕನ್ನಡ ಗ್ರಂಥಸಂಪಾದನೆ'ಯನ್ನು ಪಠ್ಯವಾಗಿ ಓದಿದವರಿಗೆ ಪಾಠಾಂತರ, ಲಿಪಿಕಾರನ ತಪ್ಪು, ಶುದ್ಧಪಾಠ ಎಂಬ ಮಾತುಗಳು ಪರಿಚಿತ. ಓಲೆಗರಿಯ ಎದುರು ಕೂತ ಸಂಪಾದಕನಿಗೆ ಬರುವ ಪ್ರಶ್ನೆಗಳೇ ತಟ್ಟೆಯ ಮುಂದೆ ಕೂತವನಿಗೂ ಬರುತ್ತವೆ. ಆದರೆ ಸಂಪಾದಕ ತಾನು ಆರಿಸಿದ ಪಾಠಕ್ಕೆ ಅಡಿಟಿಪ್ಪಣಿ ಕೊಡುತ್ತಾನೆ. ನಾವು ಸೂಜಿ ಇಟ್ಟು, ಕೇಳಿದ್ದೇ ಮೂಲ ಎಂದುಕೊಳ್ಳುತ್ತೇವೆ.

ಮೊದಲು ವಸ್ತುವನ್ನೇ ನೋಡೋಣ. ಈ ತಟ್ಟೆಯ ಮೈ ಅರಗಿನದು. ಪಾಂಡವರಿಗೆ ಕಟ್ಟಿಸಿದ ಮನೆಯ ಅದೇ ಅರಗು. ಮರದ ರೆಂಬೆಗಳ ಮೇಲೆ ಸಣ್ಣ ಕೀಟ ಸುರಿಸುವ ಅಂಟನ್ನು ಕಾಯಿಸಿ, ಶೋಧಿಸಿ, ಅದಕ್ಕೆ ಕಲ್ಲಿನ ಪುಡಿಯನ್ನೂ ಕಾಡಿಗೆಯಂಥ ಕಪ್ಪನ್ನೂ ಬೆರೆಸಿ ಒತ್ತಿದ್ದು. ಜಗತ್ತಿಗೆ ಬೇಕಾದ ಅರಗಿನ ಬಹುಪಾಲು ಛೋಟಾ ನಾಗಪುರದಂಥ ನಮ್ಮ ಕಾಡುಗಳಿಂದಲೇ ಹೋಗುತ್ತಿತ್ತು. 1902ರ ನವೆಂಬರಿನಲ್ಲಿ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಗೆ ಬಂದು ಗೌಹರ್ ಜಾನ್ ಅವರ ಹಾಡನ್ನು ಮುದ್ರಿಸಿಕೊಂಡಾಗ ಇಲ್ಲಿ ತಟ್ಟೆ ಒತ್ತುವ ಕಾರ್ಖಾನೆ ಇರಲಿಲ್ಲ. ಮುದ್ರಿಕೆಗಳು ಜರ್ಮನಿಯ ಹ್ಯಾನೋವರಿಗೆ ಹೋಗಿ, ತಟ್ಟೆಗಳಾಗಿ ಹಿಂತಿರುಗಿದವು. ಕಲ್ಕತ್ತೆಯ ಸಿಯಾಲ್ದಾದಲ್ಲಿ ಕಾರ್ಖಾನೆ ಬಂದದ್ದು 1908ರಲ್ಲಿ. ಹಾಡು ಮುಗಿದ ಮೇಲೆ ಗೌಹರ್ ಜಾನ್ ಇಂಗ್ಲಿಷಿನಲ್ಲಿ ತಮ್ಮ ಹೆಸರು ಹೇಳುವುದನ್ನು ಕೇಳಿ ಈಗ ನಗುತ್ತೇವೆ. ಅದು ಕಡಲಾಚೆಯ ಕಾರ್ಖಾನೆಯಲ್ಲಿ ಯಾರ ಹಾಡಿಗೆ ಯಾರ ಲೇಬಲ್ ಎಂಬ ಗೊಂದಲ ಆಗದಿರಲೆಂದು ಕೊಟ್ಟ ಗುರುತು. ಹಸ್ತಪ್ರತಿಯ ಕೊನೆಯಲ್ಲಿ ಲಿಪಿಕಾರ ಬರೆಯುವ ಸಾಲಿನಂಥದ್ದು. ಅದನ್ನು ಹಾಡಿನ ಭಾಗವಲ್ಲವೆಂದು ಕತ್ತರಿಸಿ ಹಂಚುವವರಿದ್ದಾರೆ. ಹಾಗೆ ಕತ್ತರಿಸಿದಾಗ ಹೋಗುವುದು ಬರಿಯ ಒಂದು ವಾಕ್ಯವಲ್ಲ, ಆ ತಟ್ಟೆ ನಡೆದು ಬಂದ ದಾರಿಯ ಸುಳಿವು. ಇದೇ ಗೌಹರ್ ಜಾನ್ ಕೊನೆಗಾಲದಲ್ಲಿ ಮೈಸೂರು ಅರಮನೆಯ ಗಾಯಕಿಯಾಗಿ ಬಂದು, 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು ಎನ್ನುವುದನ್ನು ಕನ್ನಡದ ಓದುಗರು ನೆನಪಿಡಬೇಕು.

ಮೊದಲ ಪಾಠಾಂತರ ವೇಗದ್ದು. '78' ಎಂಬ ಸಂಖ್ಯೆ ಕಲ್ಲಿನಲ್ಲಿ ಕೊರೆದದ್ದೇನಲ್ಲ. ಮೊದಲ ಎರಡು ದಶಕಗಳ ತಟ್ಟೆಗಳು ಅದಕ್ಕಿಂತ ನಿಧಾನವಾಗಿಯೋ ಬೇಗವಾಗಿಯೋ ತಿರುಗುವ ಯಂತ್ರದಲ್ಲಿ ಮುದ್ರಣವಾದವು. ನಿಮಿಷಕ್ಕೆ 74 ಸುತ್ತಿನಲ್ಲಿ ಮುದ್ರಿಸಿದ್ದನ್ನು 78ರಲ್ಲಿ ನುಡಿಸಿದರೆ ಶ್ರುತಿ ಹೆಚ್ಚುಕಡಿಮೆ ಅರ್ಧ ಸ್ವರ ಏರುತ್ತದೆ. ಹಾರ್ಮೋನಿಯಂ ಭಾಷೆಯಲ್ಲಿ, ಕರಿ ಒಂದರಲ್ಲಿ ಹಾಡಿದವರು ಬಿಳಿ ಎರಡರಲ್ಲಿ ಕೇಳಿಸುತ್ತಾರೆ. ಲಯವೂ ಅಷ್ಟೇ ಪ್ರಮಾಣದಲ್ಲಿ ಓಡುತ್ತದೆ. 'ಆ ಕಾಲದವರ ತಾನು ಎಷ್ಟು ವೇಗ' ಎಂದು ಬೆರಗಾಗುವ ಮೊದಲು ಆ ವೇಗ ಗಾಯಕರದೋ ನಮ್ಮ ಮೋಟರಿನದೋ ಎಂದು ಕೇಳಿಕೊಳ್ಳುವುದು ಒಳ್ಳೆಯದು.

ಇದಕ್ಕೆ ಸರಿಯಾದ ಉದಾಹರಣೆ ನಮ್ಮವರೇ ಆದ ಗಂಗೂಬಾಯಿ ಹಾನಗಲ್. 1930ರ ದಶಕದ ಅವರ ತಟ್ಟೆಗಳು 'ಗಾಂಧಾರಿ ಹಾನಗಲ್' ಎಂಬ ಹೆಸರಿನಲ್ಲಿ ಬಂದವು. ಆ ದನಿ ಎತ್ತರದ್ದು, ತೆಳುವಾದದ್ದು, ಹುಡುಗಿಯದು. ಗಂಟಲಿನ ಚಿಕಿತ್ಸೆಯ ನಂತರ ಅವರ ದನಿ ಬದಲಾಯಿತು. ನಾವೆಲ್ಲ ಬಲ್ಲ ಆ ಭಾರವಾದ, ಗಂಡುದನಿಯೆಂದೇ ಹಲವರು ಕರೆದ ಕಂಠ ಆಮೇಲಿನದು. ಆ ಕಂಠವನ್ನು ಮಾತ್ರ ಬಲ್ಲವರು ಹಳೆಯ ತಟ್ಟೆಯನ್ನು ಮೊದಲ ಸಲ ಕೇಳಿದಾಗ ಯಂತ್ರ ಜೋರಾಗಿ ಓಡುತ್ತಿದೆ ಎಂದುಕೊಳ್ಳುವುದು ಸಹಜ. ವೇಗ ತಗ್ಗಿಸುವ ಗುಂಡಿ ಕೈಗೆಟುಕುವಂತಿದ್ದರೆ ತಗ್ಗಿಸಿಯೂ ಬಿಡಬಹುದು, ಪರಿಚಿತ ಗಂಗೂಬಾಯಿ ಹತ್ತಿರವಾದಂತೆ ಅನಿಸಲೂಬಹುದು. ಆದರೆ ಹಾಗೆ ಮಾಡಿದವರು ತಮಗೆ ಬೇಕಾದ ಗಾಯಕಿಗಾಗಿ ಹಾಡಿದ ಗಾಯಕಿಯನ್ನು ಅಳಿಸಿರುತ್ತಾರೆ. ಸಂಪಾದನೆಯಲ್ಲಿ ಇದಕ್ಕೊಂದು ಹಳೆಯ ಎಚ್ಚರಿಕೆ ಇದೆ: ಎರಡು ಪಾಠಗಳಲ್ಲಿ ಒಂದು ಸುಲಭ, ಒಂದು ಕ್ಲಿಷ್ಟ ಆಗಿದ್ದರೆ ಸುಲಭವಾದದ್ದನ್ನು ಸಂಶಯದಿಂದ ನೋಡಬೇಕು, ಏಕೆಂದರೆ ತಿದ್ದುವವರು ಸುಲಭದ ಕಡೆಗೇ ತಿದ್ದುತ್ತಾರೆ. ಎಳೆಯ ಗಾಂಧಾರಿಯ ದನಿ ಕ್ಲಿಷ್ಟಪಾಠ. ಆ ದನಿ ಮತ್ತೆ ಅವರಿಗೇ ಸಿಗಲಿಲ್ಲ. ಅದು ಉಳಿದಿರುವುದು ಈ ಅರಗಿನಲ್ಲಿ ಮಾತ್ರ. ತಪ್ಪು ವೇಗದಲ್ಲಿ ನಾವು ಕಳೆದುಕೊಳ್ಳುವುದು ಏನೆಂದು ಇದಕ್ಕಿಂತ ಸ್ಪಷ್ಟವಾಗಿ ಹೇಳುವ ಉದಾಹರಣೆ ನನಗೆ ಗೊತ್ತಿಲ್ಲ.

ಎರಡನೆಯ ಪಾಠಾಂತರ ಸೂಜಿಯದು. ಅರಗಿನ ತಟ್ಟೆಯ ಗೆರೆ ಎಲ್‌ಪಿಯ ಗೆರೆಗಿಂತ ಸುಮಾರು ಮೂರು ಪಟ್ಟು ಅಗಲ. ಎಲ್‌ಪಿಯ ಸೂಜಿಯನ್ನೇ ಇಟ್ಟರೆ ಅದು ಗೆರೆಯ ತಳಕ್ಕೆ ಇಳಿದು ಅಲ್ಲಿನ ಕೊಳೆಯನ್ನೇ ಹಾಡಿಸುತ್ತದೆ. ಸರಿಯಾದ ಅಗಲದ ಸೂಜಿಗಳಲ್ಲೂ ಒಂದಿಷ್ಟು ಹೆಚ್ಚುಕಡಿಮೆ ಇರುತ್ತದೆ. ಹಿಂದಿನವರ ಉಕ್ಕಿನ ಸೂಜಿ ಗೋಡೆಯನ್ನು ಒಂದು ಎತ್ತರದಲ್ಲಿ ಸವೆಸಿದ್ದರೆ, ಸ್ವಲ್ಪ ದಪ್ಪದ ಸೂಜಿ ಅದಕ್ಕಿಂತ ಮೇಲೆ, ಸವೆಯದ ಜಾಗದಲ್ಲಿ ಸಾಗುತ್ತದೆ. ಒಂದೇ ತಟ್ಟೆ, ಎರಡು ಸೂಜಿ, ಎರಡು ಹಾಡು. ಇದರ ಮೇಲೆ ಇಂದಿನ ಯಂತ್ರಗಳು ಎಲ್‌ಪಿಗೆಂದು ನಿಗದಿಯಾದ ಧ್ವನಿಯ ಏರಿಳಿತವನ್ನೇ 78ಕ್ಕೂ ಅನ್ವಯಿಸಿ, ಎಂದೂ ಇರದಿದ್ದ ಮಂದ್ರವನ್ನೋ ಮಬ್ಬನ್ನೋ ಸೇರಿಸುತ್ತವೆ.

ಮೂರನೆಯದು ಸದ್ದು ತೆಗೆಯುವ ಚಪಲ. ಅರಗಿನ ತಟ್ಟೆ ಚಟಪಟ ಎನ್ನುತ್ತದೆ, ಸುಯ್ ಎನ್ನುತ್ತದೆ. ಕಲ್ಲಿನ ಪುಡಿ ಸೇರಿದ ಮೈ ಅದು, ಮೌನವಾಗಿರಲಾರದು. ಈಗ ಕಂಪ್ಯೂಟರಿನಲ್ಲಿ ಒಂದು ಕ್ಲಿಕ್ಕಿಗೆ ಸದ್ದೆಲ್ಲ ಹೋಗುತ್ತದೆ, ಅದರ ಜೊತೆಗೆ ಇನ್ನೇನೋ ಹೋಗುತ್ತದೆ. ತಟ್ಟೆಯ ಸುಯ್ಗುಟ್ಟುವಿಕೆ ಯಾವ ಎತ್ತರದಲ್ಲಿದೆಯೋ ಅಲ್ಲಿಯೇ ನಮ್ಮ ಸಕಾರ, ಶಕಾರಗಳೂ ಇವೆ, ಉಸಿರೂ ಇದೆ. ಖಯಾಲಿನಲ್ಲಿ ಇದು ಅಷ್ಟಾಗಿ ಕಾಣದು. ಕಂಪನಿ ನಾಟಕದ ಹಾಡು, ಸಂಭಾಷಣೆಗಳ ತಟ್ಟೆಗಳಲ್ಲಿ, ಪಿ. ಕಾಳಿಂಗರಾಯರು ಹಾಡಿದ ಭಾವಗೀತೆಗಳಲ್ಲಿ ಮಾತೇ ಜೀವ. ಅಲ್ಲಿ ಸ, ಶ, ಷ ಮೂರೂ ಒಂದೇ ಮೆತ್ತನೆಯ ಗಾಳಿಯಾದರೆ ನಟನ ಉಚ್ಚಾರ, ಕವಿಯ ಅಕ್ಷರ ಎರಡೂ ಹಾಳು. ಹಳಗನ್ನಡ ಪ್ರತಿಯಲ್ಲಿ ಶಕಟರೇಫೆ ಕಂಡಲ್ಲೆಲ್ಲ ರಕಾರ ಬರೆದು 'ಓದಲು ಸುಲಭವಾಗಲಿ ಎಂದು' ಎಂದ ಹಾಗೆ.

ಈ ಮೂರೂ ಕಡೆ ಒಂದೇ ಸರಿಯುತ್ತರ ಇಲ್ಲ. ಯಾವ ವೇಗ, ಯಾವ ಸೂಜಿ, ಎಷ್ಟು ಶುಚಿ ಎಂದು ಆರಿಸಲೇಬೇಕು. ನನ್ನ ದೂರು ಆಯ್ಕೆಯ ಬಗ್ಗೆ ಅಲ್ಲ, ಆಯ್ಕೆಯನ್ನು ಮುಚ್ಚಿಡುವ ಬಗ್ಗೆ. ಇಂದು ಕೈಯಿಂದ ಕೈಗೆ ಓಡಾಡುವ ಹಳೆಯ ಹಾಡುಗಳ ಫೈಲುಗಳಲ್ಲಿ ಇವುಗಳ ವಿವರ ಬಹುಮಟ್ಟಿಗೆ ಇರುವುದೇ ಇಲ್ಲ. ಅವು ಸಂಪಾದಕನ ಹೆಸರಿಲ್ಲದ, ಪೀಠಿಕೆಯಿಲ್ಲದ ಮುದ್ರಣಗಳು.

ಇನ್ನು ರೂಪದ ಪ್ರಶ್ನೆ. ಹತ್ತು ಇಂಚಿನ ತಟ್ಟೆಯ ಒಂದು ಬದಿಗೆ ಸುಮಾರು ಮೂರು ನಿಮಿಷ. ಅಷ್ಟರಲ್ಲಿ ತಟ್ಟೆ ಇನ್ನೂರ ಮೂವತ್ತಕ್ಕೂ ಹೆಚ್ಚು ಸುತ್ತು ತಿರುಗಿ ಮುಗಿಯುತ್ತದೆ. ಒಂದು ಗಂಟೆ ಅರಳಬೇಕಾದ ರಾಗವನ್ನು ಹೀಗೆ ಮೊಟಕು ಮಾಡಿದ್ದು ಅನ್ಯಾಯ ಎಂಬ ಮಾತು ಹಳೆಯದು. ಇದನ್ನು ಪೂರ್ತಿ ಒಪ್ಪಲಾರೆ. ವಚನವನ್ನು ನಾವು ಮಹಾಕಾವ್ಯದ ಚೂರು ಎಂದು ಓದುವುದಿಲ್ಲ. ಅಬ್ದುಲ್ ಕರೀಂ ಖಾನರ ಝಿಂಜೋಟಿಯ ಠುಮ್ರಿಯನ್ನು ಕೇಳಿ. ಅಲ್ಲಿ ಅವಸರವಿಲ್ಲ. ಅವರು ಗಂಟೆಯ ಹಾಡನ್ನು ಮೂರು ನಿಮಿಷಕ್ಕೆ ಹಿಂಡಿಲ್ಲ, ಮೂರು ನಿಮಿಷಕ್ಕೆ ಸಾಕಾಗುವಷ್ಟು ಮಾತ್ರ ಆರಿಸಿಕೊಂಡಿದ್ದಾರೆ. ಒಂದು ಸ್ವರಕ್ಕೆ ಹೋಗಿ ನಿಲ್ಲಲು ಜಾಗ ಉಳಿಸಿಕೊಂಡಿದ್ದಾರೆ. ಗದಗಿನ ಹುಡುಗ ಭೀಮಸೇನ ಜೋಶಿ ಈ ತಟ್ಟೆ ಕೇಳಿ ಗುರುವನ್ನು ಹುಡುಕಿ ಮನೆ ಬಿಟ್ಟದ್ದು, ಕೊನೆಗೆ ಖಾನರ ಶಿಷ್ಯರಾದ ಸವಾಯಿ ಗಂಧರ್ವರ ಬಳಿ ಕುಂದಗೋಳದಲ್ಲಿ ನೆಲೆ ನಿಂತದ್ದು ಎಲ್ಲರೂ ಬಲ್ಲ ಕಥೆ. ಆ ಹುಡುಗನನ್ನು ಎಳೆದದ್ದು ಮೊಟಕಾದ ರಾಗವಾಗಿರಲಾರದು.

ಹಾಗೆಂದು ಎಲ್ಲ ತಟ್ಟೆಗಳೂ ಆ ಮಟ್ಟದವಲ್ಲ. ಮೂರು ನಿಮಿಷದ ಭಯಕ್ಕೆ ಬಿದ್ದು ತಾನುಗಳನ್ನು ಸುರಿದು, ಕೊನೆಯ ಸಮ್ ಹಿಡಿಯಲು ಏದುಸಿರು ಬಿಟ್ಟ ಗಾಯನವೂ ಬೇಕಾದಷ್ಟಿದೆ. ಹಳೆಯದೆಂಬ ಒಂದೇ ಕಾರಣಕ್ಕೆ ಅದನ್ನು ಹೊಗಳುವುದು ವಿಮರ್ಶೆಯಲ್ಲ. 1925ರ ಸುಮಾರಿಗೆ ವಿದ್ಯುತ್ ಮೈಕು ಬರುವ ತನಕ ಕಹಳೆಯೊಳಗೆ ಬಾಯಿಟ್ಟು ಕೂಗಬೇಕಿತ್ತು. ತಂಬೂರಿಯ ಝೇಂಕಾರ, ತಬಲದ ಎಡದ ಗುಮುಕು ಆ ಕಹಳೆಗೆ ದಕ್ಕುತ್ತಲೇ ಇರಲಿಲ್ಲ. ಮೆಲುದನಿಯವರು ಸೋತರು, ಚೂಪು ದನಿಯವರು ಗೆದ್ದರು. ಕೆಲವರು ಕಹಳೆಯ ಹತ್ತಿರವೇ ಸುಳಿಯಲಿಲ್ಲ. ಮಲ್ಲಿಕಾರ್ಜುನ ಮನ್ಸೂರರ ಪರಂಪರೆಯ ಮೂಲಪುರುಷ ಅಲ್ಲಾದಿಯಾ ಖಾನರು 1946ರವರೆಗೆ ಬದುಕಿದ್ದರೂ ಮುದ್ರಣಕ್ಕೆ ಒಪ್ಪಲಿಲ್ಲ. ಆದ್ದರಿಂದ ತಟ್ಟೆಗಳಿಂದ ಮಾತ್ರ ಸಂಗೀತದ ಚರಿತ್ರೆ ಬರೆಯಲು ಹೊರಟರೆ ನಡುವೆಯೇ ದೊಡ್ಡದೊಂದು ತೂತು ಉಳಿಯುತ್ತದೆ. ಸಂಗ್ರಾಹಕರು ಈ ತೂತನ್ನು ಮರೆಯುತ್ತಾರೆ. ತಮ್ಮ ಕಪಾಟಿನಲ್ಲಿ ಇರುವುದೇ ಕಾಲ ಎಂದು ನಂಬುತ್ತಾರೆ.

ಹೊರನಾಡಿನ ಕನ್ನಡಿಗರಿಗೆ ಇಲ್ಲೊಂದು ವಿಶೇಷ ಹೊಣೆ ಇದೆ ಎಂದುಕೊಂಡಿದ್ದೇನೆ. ಮುಂಬೈಯ ಚೋರ್ ಬಜಾರಿನ ಗುಜರಿಯವನಿಗೆ ಹಿಂದಿ ಸಿನಿಮಾದ ತಟ್ಟೆಯ ಬೆಲೆ ಗೊತ್ತು. ಕನ್ನಡದ ಒಂದು ನಾಟಕದ ಸೆಟ್ಟಿನಿಂದ ಬೇರೆಯಾದ ಮೂರನೆಯ ತಟ್ಟೆ ಏನೆಂದು ಗೊತ್ತಿಲ್ಲ; ಅದನ್ನು ಓದಬಲ್ಲ ಗಿರಾಕಿ ನಾವು ಮಾತ್ರ. ಇನ್ನೊಂದು ಮಾತು. ಕನ್ನಡದ ತಟ್ಟೆ ಎಂದರೆ ಕನ್ನಡ ಹಾಡಿನದು ಮಾತ್ರ ಎಂಬ ಎಣಿಕೆಯೂ ಸರಿಯಲ್ಲ. ಧಾರವಾಡ, ಹುಬ್ಬಳ್ಳಿ, ಕುಂದಗೋಳದ ಕಂಠಗಳು ಮುಂಬೈ, ಪುಣೆ, ಮಿರಜಿನ ದಾರಿಯಲ್ಲಿ ಮರಾಠಿಯಲ್ಲೂ ಹಿಂದಿಯಲ್ಲೂ ಮುದ್ರಣವಾದವು. ಗಂಗೂಬಾಯಿ ಅವರು ಜಿ.ಎನ್. ಜೋಶಿಯವರ ಜೊತೆ ಮರಾಠಿ ಯುಗಳಗೀತೆಗಳನ್ನು ಹಾಡಿದರು. ಉದ್ಯೋಗಕ್ಕಾಗಿ ಬೇರೆ ಭಾಷೆಯಲ್ಲಿ ಬದುಕುವುದು ನಮ್ಮ ಕಾಲದಲ್ಲಿ ಶುರುವಾದದ್ದಲ್ಲ. ಆ ಹಾಡುಗಳಲ್ಲಿ ಕನ್ನಡದ ಬಾಯಿ ಮರಾಠಿಯ ಅಕ್ಷರಗಳನ್ನು ಹೇಗೆ ಹಿಡಿಯುತ್ತದೆ ಎಂದು ಕೇಳಬಲ್ಲ ಕಿವಿ, ಎರಡೂ ಭಾಷೆಯ ನಡುವೆ ಬದುಕಿದ ನಮ್ಮದೇ.

ಕೊನೆಗೆ ಉಳಿಯುವುದು ನುಡಿಸಬೇಕೋ ಬೇಡವೋ ಎಂಬ ನಿಜವಾದ ಇಕ್ಕಟ್ಟು. ಪ್ರತಿ ಸಲ ನುಡಿಸಿದಾಗಲೂ ತಟ್ಟೆ ಒಂದಿಷ್ಟು ಸವೆಯುತ್ತದೆ. ಕಹಳೆಯ ಯಂತ್ರದ ಭಾರವಾದ ತಲೆ ಮತ್ತು ಉಕ್ಕಿನ ಸೂಜಿಯಲ್ಲಿ ಹೆಚ್ಚು, ಇಂದಿನ ಹಗುರ ಸೂಜಿಯಲ್ಲಿ ಬಹಳ ಕಡಿಮೆ. ಹಾಗಾಗಿ ಅಪರೂಪದ ತಟ್ಟೆಯನ್ನು ಕಹಳೆಯ ಯಂತ್ರದಲ್ಲಿ ಅತಿಥಿಗಳಿಗೆ ಕೇಳಿಸುವುದನ್ನು ನಾನು ರಸಿಕತೆ ಎನ್ನಲಾರೆ. ಅದು ಓಲೆಗರಿಯನ್ನು ಒಲೆಯ ಪಕ್ಕದಲ್ಲಿಟ್ಟು ಓದಿದ ಹಾಗೆ. ಅದರ ಬದಲಿಗೆ ಎಂದೂ ನುಡಿಸದೆ ಬೀಗ ಹಾಕಿಡುವುದೂ ಸರಿಯಲ್ಲ. ಮುಂಬೈಯ ಮಳೆಗಾಲದ ತೇವ ಬೀಗವನ್ನು ಕೇಳುವುದಿಲ್ಲ, ಕಾಗದದ ಹೊದಿಕೆಯಿಂದ ಬೂಷ್ಟು ತಟ್ಟೆಗೂ ಹತ್ತುತ್ತದೆ. ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ಹೋಗುವ ನಮ್ಮಂಥವರಲ್ಲಿ ಒಂದು ಪೆಟ್ಟಿಗೆ ಕೆಳಗೆ ಬಿದ್ದರೆ ಎಲ್ಲವೂ ಚೂರು. ಮುಂಬೈಯಲ್ಲಿ 1990ರಲ್ಲಿ ಹುಟ್ಟಿದ ಸೊಸೈಟಿ ಆಫ್ ಇಂಡಿಯನ್ ರೆಕಾರ್ಡ್ ಕಲೆಕ್ಟರ್ಸ್ 'ದಿ ರೆಕಾರ್ಡ್ ನ್ಯೂಸ್' ಎಂಬ ಪತ್ರಿಕೆಯ ಮೂಲಕ ಬಿಡಿ ಸಂಗ್ರಾಹಕರ ತಿಳಿವಳಿಕೆಯನ್ನು ಎಲ್ಲರದಾಗಿಸಲು ಯತ್ನಿಸಿತು. ಕನ್ನಡದ ತಟ್ಟೆಗಳಿಗೂ ಆ ಶಿಸ್ತು ಬೇಕು.

ಅದೇನು ದೊಡ್ಡ ಕೆಲಸವಲ್ಲ. ತಟ್ಟೆಯನ್ನು ಸ್ಪಿರಿಟ್ಟಿನಿಂದ ಒರೆಸಬೇಡಿ, ಅರಗು ಕರಗುತ್ತದೆ, ನೆಟ್ಟಗೆ ನಿಲ್ಲಿಸಿಡಿ. ತಕ್ಕ ಸೂಜಿಯಲ್ಲಿ ಒಮ್ಮೆ ನುಡಿಸಿ, ಸದ್ದುಗದ್ದಲ ಸಮೇತ ಇದ್ದದ್ದು ಇದ್ದಂತೆ ದಾಖಲಿಸಿ. ವೇಗ ಎಷ್ಟು, ಅದನ್ನು ಯಾವ ಆಧಾರದ ಮೇಲೆ ಆರಿಸಿದಿರಿ, ಸೂಜಿ ಯಾವುದು, ಲೇಬಲ್ಲಿನ ಮೇಲೂ ಅದರ ಸುತ್ತ ಕೊರೆದ ಅಂಕಿಗಳಲ್ಲೂ ಏನಿದೆ ಎಂದು ನಾಲ್ಕು ಸಾಲು ಬರೆಯಿರಿ. ಶುಚಿ ಮಾಡಿದ ಪ್ರತಿ ಬೇಕಿದ್ದರೆ ಬೇರೆಯಾಗಿ ಮಾಡಿ, ಎರಡನ್ನೂ ಜೊತೆಗೇ ಹಂಚಿ. ಆ ನಾಲ್ಕು ಸಾಲು ಇಲ್ಲದಿದ್ದರೆ ಮುಂದಿನವರು ಕೇಳುವುದು ಗಾಂಧಾರಿಯ ದನಿಯೋ ನಮ್ಮ ಮೋಟರಿನ ದನಿಯೋ ಎಂದು ಯಾರೂ ಹೇಳಲಾರರು.