ಉಳಿದುಹೋದ ಐದು ಪದಗಳು

‘ಯೂನೋಯ’ ಎನ್ನುವುದು ಆರೇ ಅಕ್ಷರಗಳ ಇಂಗ್ಲಿಷ್ ಪದ. ಅದರೊಳಗೆ ಎ, ಇ, ಐ, ಓ, ಯು ಐದೂ ಸ್ವರಾಕ್ಷರಗಳಿವೆ. ವ್ಯಂಜನ ಒಂದೇ ಒಂದು. ಅದನ್ನೇ ಕನ್ನಡದಲ್ಲಿ ಬರೆದರೆ ಸಿಗುವುದು ಊ, ಓ, ಅ, ಮೂರೇ ಸ್ವರ. ಕೆನಡಾದ ಕವಿ ಕ್ರಿಶ್ಚಿಯನ್ ಬೊಕ್ ಈ ಪದವನ್ನೇ ಹೆಸರಾಗಿಟ್ಟು 2001ರಲ್ಲಿ ಒಂದು ಗದ್ಯಕವಿತೆಗಳ ಪುಸ್ತಕ ಪ್ರಕಟಿಸಿದ. ಕಣ್ಣಿನ ಲೆಕ್ಕಕ್ಕೂ ಕಿವಿಯ ಲೆಕ್ಕಕ್ಕೂ ಇರುವ ಈ ಅಂತರ ಆ ಪುಸ್ತಕದುದ್ದಕ್ಕೂ ನನ್ನನ್ನು ಕಾಡಿತು.

ಅದರಲ್ಲಿ ಐದು ಅಧ್ಯಾಯ, ಒಂದೊಂದಕ್ಕೂ ಒಂದೇ ಸ್ವರಾಕ್ಷರ. ‘ಎ’ ಅಧ್ಯಾಯದ ಯಾವ ಪದದಲ್ಲೂ ‘ಎ’ ಬಿಟ್ಟು ಬೇರೆ ಸ್ವರ ಬರುವಂತಿಲ್ಲ. ಸ್ವರದ ವೇಷ ಹಾಕಬಲ್ಲ ‘ವೈ’ಗೆ ಪ್ರವೇಶವೇ ಇಲ್ಲ. ಪ್ರತಿ ಅಧ್ಯಾಯದಲ್ಲೂ ಒಂದು ಔತಣ, ಒಂದು ಕಡಲಯಾನ, ಒಂದು ಕಾಮಕೇಳಿ, ಒಂದು ಹಳ್ಳಿಗಾಡಿನ ನೋಟ ಇರಬೇಕು. (ನಮ್ಮ ಅಷ್ಟಾದಶ ವರ್ಣನೆಗಳನ್ನು ಬಲ್ಲವರಿಗೆ ಇದೇನೂ ವಿಚಿತ್ರವೆನಿಸದು.) ಎಲ್ಲಕ್ಕಿಂತ ಕಠಿಣವಾದ ನಿಯಮ ಇನ್ನೊಂದಿದೆ: ಆ ಸ್ವರಕ್ಕೆ ಒಗ್ಗುವ ಪದಗಳಲ್ಲಿ ಶೇ. 98ರಷ್ಟನ್ನಾದರೂ ಬಳಸಿ ಮುಗಿಸಬೇಕು. ಅದಕ್ಕಾಗಿ ಬೊಕ್ ವೆಬ್‌ಸ್ಟರ್ ನಿಘಂಟಿನ ಮೂರು ಸಂಪುಟಗಳನ್ನು ಐದು ಸಲ ಓದಿದ. ಪುಸ್ತಕಕ್ಕೆ ಏಳು ವರ್ಷ ಹಿಡಿಯಿತು. 2002ರಲ್ಲಿ ಗ್ರಿಫಿನ್ ಕಾವ್ಯ ಪ್ರಶಸ್ತಿ ಬಂತು.

ಒಂದೊಂದು ಸ್ವರಕ್ಕೂ ತನ್ನದೇ ವ್ಯಕ್ತಿತ್ವವಿದೆ ಎಂಬುದು ಬೊಕ್‌ನ ನಂಬಿಕೆ. ನನಗೆ ಕಾಣುವುದು ವ್ಯಾಕರಣದ ಪಾಲುಪಟ್ಟಿ. ಇಂಗ್ಲಿಷಿನ ‘ದ’, ‘ಹಿ’, ‘ಶಿ’ ಮೂರೂ ‘ಇ’ ಪಾಲಿಗೆ ಬಂದಿವೆ, ಭೂತಕಾಲದ ‘ಎಡ್’ ಪ್ರತ್ಯಯವೂ ಬಂದಿದೆ. ಕತೆ ಹೇಳಲು ಮತ್ತೇನು ಬೇಕು? ‘ಐ’ ಎಂದರೇ ‘ನಾನು’, ಹಾಗಾಗಿ ಅಲ್ಲಿ ಬರೆಯುವ ಕವಿಯೇ ಮಾತಾಡುತ್ತಾನೆ. ‘ಎ’ಯಲ್ಲಿ ‘ಅವನು’ ಎನ್ನಲು ಪದವಿಲ್ಲ. ಹಸನ್ ಎಂಬ ದೊರೆಯ ಹೆಸರು ಮತ್ತೆ ಮತ್ತೆ ಬರುತ್ತದೆ. ‘ಓ’ದಲ್ಲಿ ನಾನು, ಅವನು, ಅವಳು ಯಾರೂ ಇಲ್ಲ, ಬರೀ ಗುಂಪುಗಳ ಚಿತ್ರ. ‘ಯು’ ಎಲ್ಲರಿಗಿಂತ ಬಡವ. ಜಾರಿಯ ನಾಟಕದ ಊಬುವನ್ನು ಕಡ ತಂದು ಒರಟು ನಗೆ ನಕ್ಕು ಬೇಗ ಮುಗಿಯುತ್ತದೆ.

ಈ ಐದರಲ್ಲಿ ನನಗೆ ಕವಿತೆಯಾಗಿ ಉಳಿದದ್ದು ‘ಇ’. ಗ್ರೀಕ್, ಹೆಲೆನ್ ಎಂಬ ಹೆಸರುಗಳು ಇಂಗ್ಲಿಷ್ ಕಾಗುಣಿತದಲ್ಲಿ ‘ಇ’ ಒಂದನ್ನೇ ಹೊತ್ತಿವೆ. ಹಾಗಾಗಿ ಇಲಿಯಡ್ ಕತೆ ಅವಳ ಕಡೆಯಿಂದ ನಡೆಯುತ್ತದೆ. ಆದರೆ ಟ್ರಾಯ್ ಎಂದಾಗಲಿ ಪ್ಯಾರಿಸ್ ಎಂದಾಗಲಿ ಅಲ್ಲಿ ಅನ್ನುವಂತಿಲ್ಲ, ಆ ಅಕ್ಷರಗಳು ನಿಷಿದ್ಧ. ತನ್ನನ್ನು ಕರೆದೊಯ್ದವನ ಹೆಸರನ್ನೂ ತನ್ನಿಂದಾಗಿ ಸುಟ್ಟುಹೋದ ಊರಿನ ಹೆಸರನ್ನೂ ಎತ್ತಲಾಗದ ಹೆಂಗಸು. ನಿಯಮ ಇಲ್ಲಿ ಅವಳ ದುಃಖಕ್ಕೇ ಅಂಟಿಕೊಂಡಿದೆ.

ಬೇರೆ ಕಡೆ ಹಾಗಾಗುವುದಿಲ್ಲ. ಬುಕ್, ಮಂಕ್, ಮೂನ್, ವರ್ಡ್, ಫ್ರಾಗ್: ಐದೂ ‘ಓ’ ಅಧ್ಯಾಯಕ್ಕೆ ಸಲ್ಲುವ ಪದಗಳೇ. ಬರೆದಂತೆ ಓದುವ ನಮಗೆ ಇಲ್ಲಿ ಒಂದೇ ಸ್ವರ ಎಲ್ಲಿದೆ? ಕವಿರಾಜಮಾರ್ಗಕ್ಕೆ ಬಹುಮಟ್ಟಿಗೆ ಆಧಾರವಾದ ಕಾವ್ಯಾದರ್ಶದಲ್ಲಿ ದಂಡಿಯೂ ಸ್ವರನಿಯಮದ ಮಾತಾಡುತ್ತಾನೆ. ನಾಲ್ಕು ಸ್ವರಗಳಿಂದ ಒಂದರವರೆಗೆ ಇಳಿಯುತ್ತ ಉದಾಹರಣೆ ಕೊಡುತ್ತಾನೆ, ನಾಲ್ಕಕ್ಕಿಂತ ಹೆಚ್ಚಾದರೆ ಅದು ಸುಲಭ ಎಂದು ಬಿಟ್ಟುಬಿಡುತ್ತಾನೆ. ಆ ನಿಯಮ ಬಾಯಿಯದು. ದಶಕುಮಾರಚರಿತದ ಮಂತ್ರಗುಪ್ತ ತನ್ನ ಕತೆಯನ್ನೆಲ್ಲ ಓಷ್ಠ್ಯಾಕ್ಷರಗಳಿಲ್ಲದೆ ಹೇಳುತ್ತಾನೆ, ಏಕೆಂದರೆ ನಲ್ಲೆ ಕಚ್ಚಿದ ತುಟಿ ನೋಯುತ್ತಿದೆ. ಪ ಫ ಬ ಭ ಮ ಯಾಕಿಲ್ಲವೆಂದು ಕೇಳುವವರಿಗೆ ಕತೆಯಲ್ಲೇ ಉತ್ತರವಿದೆ. ಬೊಕ್‌ನ ‘ಓ’ ಇಂಗ್ಲಿಷ್ ಕಾಗುಣಿತದ ಆಕಸ್ಮಿಕ, ಅದನ್ನು ನೋಯಿಸುವ ತುಟಿ ಯಾವುದೂ ಇಲ್ಲ.

ಮೇಲಿಂದ ಆ ಶೇ. 98ರ ಹಟ. ಔತಣದ ತಟ್ಟೆಗೆ ಇನ್ನೊಂದು ತಿನಿಸು ಬೀಳುವುದು ಯಾರಿಗೋ ಹಸಿವಾಗಿದೆಯೆಂದಲ್ಲ, ನಿಘಂಟಿನಲ್ಲಿ ಇನ್ನೊಂದು ಪದ ಉಳಿದಿದೆಯೆಂದು. ಪುಟಗಟ್ಟಲೆ ದಾಸ್ತಾನು ಪಟ್ಟಿ ಓದಿದ ಅನುಭವ. ಇಷ್ಟಾದರೂ ಕೆಲವು ಪದಗಳು ಕೈಗೆ ಸಿಗದೆ ಉಳಿದವು ಎಂದು ಬೊಕ್ ಕೊನೆಯ ಟಿಪ್ಪಣಿಯಲ್ಲಿ ಐದನ್ನು ಹೆಸರಿಸುತ್ತಾನೆ: ಪ್ಯಾರಲಾಕ್ಸ್, ಬೆಲ್ವೆಡಿಯರ್, ಜಿಂಜಿವೈಟಿಸ್, ಮಾನೊಕಾರ್ಡ್, ಟ್ಯೂಮ್ಯುಲಸ್. ಬೆಲ್ವೆಡಿಯರ್ ಎಂದರೆ ದೂರದ ನೋಟಕ್ಕಾಗಿಯೇ ಕಟ್ಟಿದ ಉಪ್ಪರಿಗೆ. ಅದು ‘ಇ’ ಪದ. ಇಲಿಯಡ್‌ನಲ್ಲಿ ಹೆಲೆನ್ ಕೋಟೆಯ ಮೇಲೆ ನಿಂತು, ತನಗಾಗಿ ಬಂದ ಸೈನ್ಯದಲ್ಲಿ ಇವನು ಇಂಥವನು ಎಂದು ಒಬ್ಬೊಬ್ಬರನ್ನೇ ಗುರುತಿಸುತ್ತಾಳೆ. ಅವಳಿಗೆ ನಿಲ್ಲಲು ಬೇಕಾಗಿದ್ದ ಪದ ಅದು.